ಹೊಳೆಯಲ್ಲಿ ತೊಳೆದ ಹುಣಸೆಹಣ್ಣು

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಾನು ಅಂಕೋಲಾ ಕಡೆಯವಳು, ಹೈಸ್ಕೂಲಿನಲ್ಲಿ ಕಲಿಸುತ್ತೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಎರಡು ದೊಡ್ಡ ಪಕ್ಷಗಳನ್ನು ಬಿಟ್ಟು ಒಬ್ಬ ಪಕ್ಷೇತರರಿಗೆ ಮತ ಹಾಕಿದೆ. ಅವರ ಕರಪತ್ರದ ಮೊದಲ ಸಾಲಿನಲ್ಲೇ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದಿತ್ತು. ಅದು ಹಿಡಿಸಿತು. ಬಾಯಿ ತಪ್ಪಿ ಮನೆಯಲ್ಲಿ ಹೇಳಿಬಿಟ್ಟೆ. ಅವತ್ತಿನಿಂದ ಮೈದುನ 'ಅತ್ತಿಗೆ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ್ರಿ' ಎಂದು ಹಂಗಿಸುತ್ತಾನೆ. ಅವನು ಹಾಕಿದ್ದು ಎರಡನೇ ಸ್ಥಾನಕ್ಕೆ ಬಂದವರಿಗೆ. ಅಮೆರಿಕದಲ್ಲಿರುವ ಅಣ್ಣನ ಮಗ ಕೂಡ ಫೋನಿನಲ್ಲಿ, 'ಅತ್ತೆ, ಮೂರನೆಯವರಿಗೆ ವೋಟು ಹಾಕಿದ್ರೆ ಏನಾಗ್ತದೆ ಅಂತ ಇಲ್ಲಿ 2000ನೇ ಇಸವಿಯಲ್ಲೇ ಗೊತ್ತಾಗಿದೆ' ಎಂದ. ಗೆಲ್ಲದವರಿಗೆ ಹಾಕಿದ ಮತ ನಿಜವಾಗಿಯೂ ದಂಡವೇ? ದಯವಿಟ್ಟು ನನ್ನ ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಹೆಸರು ಬೇಡ ಎಂದಿದ್ದೀರಿ. ಹಾಗಾಗಿ ನಮ್ಮ ಕಡೆ ಕರೆಯುವ ಹಾಗೆ ಅಕ್ಕೋರೇ ಎಂದೇ ಕರೆಯುತ್ತೇನೆ.

ಅಕ್ಕೋರೇ, ಮೊದಲು ನಿಮ್ಮ ಮೈದುನನ ಲೆಕ್ಕ ನೋಡೋಣ. 2024ರಲ್ಲಿ ನಮ್ಮ ಉತ್ತರ ಕನ್ನಡ ಕ್ಷೇತ್ರದಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಗೆದ್ದರು. ಕಾಂಗ್ರೆಸ್‌ನ ಅಂಜಲಿ ನಿಂಬಾಳ್ಕರ್ ಎರಡನೆಯವರಾದರು. ಇಬ್ಬರ ನಡುವಿನ ಅಂತರ 3 ಲಕ್ಷದ 37 ಸಾವಿರಕ್ಕೂ ಜಾಸ್ತಿ. ನಿಮ್ಮ ಮತ ಗೆಲುವನ್ನು ಬದಲಿಸಲಿಲ್ಲ, ಸರಿ. ಮೈದುನನ ಮತ ಬದಲಿಸಿತೇ? ನೀವಿಬ್ಬರೂ ತೊಳೆದದ್ದು ಅದೇ ಗಂಗಾವಳಿಯಲ್ಲಿ. ಅವರ ಹುಣಸೆಹಣ್ಣಿನ ಉಂಡೆ ಸ್ವಲ್ಪ ದೊಡ್ಡದಿತ್ತು, ಅಷ್ಟೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಗೆದ್ದವರಿಗೆ ಗೆಲ್ಲಲು ಬೇಕಿದ್ದದ್ದು ಎರಡನೆಯವರಿಗಿಂತ ಒಂದೇ ಒಂದು ಮತ ಹೆಚ್ಚು. ಅದರ ಮೇಲೆ ಬಿದ್ದ ಮೂರು ಲಕ್ಷ ಚಿಲ್ಲರೆ ಮತ ಇಲ್ಲದಿದ್ದರೂ ಅವರೇ ದಿಲ್ಲಿಗೆ ಹೋಗುತ್ತಿದ್ದರು. ಫಲಿತಾಂಶ ಬದಲಿಸಿದ ಮತ ಮಾತ್ರ ಸಾರ್ಥಕ, ಉಳಿದದ್ದೆಲ್ಲ ದಂಡ ಎಂದು ಅಳೆಯಲು ಹೊರಟರೆ ಆ ಮೇ 7ರಂದು ಬಿಸಿಲಲ್ಲಿ ಸಾಲು ನಿಂತ ನಾವೆಲ್ಲರೂ ದಂಡಪಿಂಡಗಳೇ. ಆ ಅಳತೆಗೆ ಪೂರ್ತಿ ಸಿಕ್ಕುವುದು 2004ರ ಸಂತೇಮರಹಳ್ಳಿಯಂಥ ಚುನಾವಣೆ ಮಾತ್ರ. ಅಲ್ಲಿ ಕಾಂಗ್ರೆಸ್‌ನ ಧ್ರುವನಾರಾಯಣ ಅವರು ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು 1 ಮತದಿಂದ. 2023ರ ಜಯನಗರದಲ್ಲಿ ಅಂತರ 16. ಇಂಥವು ಎಲ್ಲೋ ಒಂದೊಂದು.

ಹಾಗಂತ ಮೈದುನನ ಮಾತನ್ನು ಇಲ್ಲಿಗೇ ತಳ್ಳಿಹಾಕಿ ಚಹಾ ಕುಡಿಯಲು ಹೋಗುವಂತಿಲ್ಲ. ಅವರ ಮಾತಿನಲ್ಲಿ ಹುರುಳಿದೆ. ಆ ಹುರುಳು ಎಲ್ಲಿದೆ ಎಂದು ನೋಡಬೇಕು.

ನಮ್ಮಲ್ಲಿ ಯಾರಿಗೆ ಎಲ್ಲರಿಗಿಂತ ಹೆಚ್ಚು ಮತ ಬೀಳುತ್ತದೋ ಅವರು ಗೆದ್ದರು, ಮುಗಿಯಿತು. ಅರ್ಧಕ್ಕಿಂತ ಜಾಸ್ತಿ ಬೇಕು ಎಂದೇನಿಲ್ಲ. ನೂರರಲ್ಲಿ 35 ಬಿದ್ದವರು ಗೆಲ್ಲಬಹುದು. ಉಳಿದ 65 ಮಂದಿ ಅವರು ಬೇಡವೇ ಬೇಡ ಎಂದಿದ್ದರೂ, ಬೇರೆ ಬೇರೆ ಕಡೆ ಹರಿದುಹೋದ ಕಾರಣ ಸೋಲುತ್ತಾರೆ. 'ಮತ ಒಡೀಬೇಡಿ' ಎಂಬ ಮಾತು ಹುಟ್ಟಿದ್ದೇ ಇಲ್ಲಿಂದ. ಅದು ಸುಳ್ಳಲ್ಲ. ಆದರೆ ಯಾವಾಗಲೂ, ಎಲ್ಲ ಕಡೆಯೂ ನಿಜವಲ್ಲ. ಆ ಮಾತು ಹೇಳುವವರು ಒಂದು ವಿಷಯ ಮೊದಲೇ ಗೊತ್ತಿದೆ ಎಂದುಕೊಂಡಿರುತ್ತಾರೆ: ಮೂರನೆಯವರು ಯಾರು ಎಂಬುದು.

ಯಾರು ಮೂರನೆಯವರು? ಇದನ್ನು ನಿಮ್ಮದೇ ಕಾರವಾರ-ಅಂಕೋಲಾ ಕ್ಷೇತ್ರದಲ್ಲಿ ಕೇಳಿ ನೋಡಿ. 2018ರಲ್ಲಿ ಬಿಜೆಪಿಯ ರೂಪಾಲಿ ನಾಯ್ಕ ಗೆದ್ದರು. ಜೆಡಿಎಸ್‌ನ ಆನಂದ ಅಸ್ನೋಟಿಕರ್ ಎರಡನೆಯವರು. ಆಗ ಶಾಸಕರಾಗಿದ್ದ ಸತೀಶ ಸೈಲ್ ಕಾಂಗ್ರೆಸ್‌ನಿಂದ ನಿಂತು ಮೂರನೆಯವರಾದರು. ಎರಡನೆಯವರಿಗೂ ಮೂರನೆಯವರಿಗೂ ಇದ್ದ ಅಂತರ ಸಾವಿರದ ಇನ್ನೂರರ ಆಸುಪಾಸು. ಈಗ ಹೇಳಿ, ಮತದಾನದ ಹಿಂದಿನ ರಾತ್ರಿ ಅಂಕೋಲೆಯ ಮನೆಯೊಂದರಲ್ಲಿ ಕೂತು 'ಹಾಲಿ ಶಾಸಕರಿಗೆ ಹಾಕಿದರೆ ಮತ ದಂಡ' ಎಂದು ಯಾರಾದರೂ ಧೈರ್ಯವಾಗಿ ಹೇಳಬಹುದಿತ್ತೇ? ಎರಡೂ ಕಡೆಯವರು ಒಬ್ಬರಿಗೊಬ್ಬರು 'ನೀವೇ ಒಡೆಯುವವರು' ಎಂದುಕೊಂಡಿರಬೇಕು. ಯಾರು ಒಡೆದರು ಎಂದು ಗೊತ್ತಾದದ್ದು ಎಣಿಕೆಯ ದಿನ. ಐದು ವರ್ಷದ ನಂತರ ಅದೇ ಸೈಲ್ ಎರಡು ಸಾವಿರ ಚಿಲ್ಲರೆ ಮತದ ಅಂತರದಲ್ಲಿ ಗೆದ್ದು ಮತ್ತೆ ವಿಧಾನಸಭೆಗೆ ಹೋದರು.

ಕುಮಟಾದ ಕಥೆ ಇನ್ನೂ ಚೆನ್ನಾಗಿದೆ. 2023ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ 135 ಸ್ಥಾನ ಗೆದ್ದಿತು. ಜೆಡಿಎಸ್‌ಗೆ ಸಿಕ್ಕಿದ್ದು 19. ಬೆಂಗಳೂರಿನಲ್ಲಿ ಕೂತು ನೋಡಿದವರಿಗೆ ಮೂರನೇ ಪಕ್ಷ ಯಾವುದು ಎಂಬ ಅನುಮಾನವೇ ಇರಲಿಲ್ಲ. ಆದರೆ ಕುಮಟಾ-ಹೊನ್ನಾವರದಲ್ಲಿ ಬಿಜೆಪಿಯ ದಿನಕರ ಶೆಟ್ಟಿಯವರಿಗೆ ಬೆವರಿಳಿಸಿದ್ದು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ. ಶೆಟ್ಟಿಯವರು ಗೆದ್ದದ್ದು ಏಳುನೂರಕ್ಕೂ ಕಡಿಮೆ ಮತಗಳಿಂದ. ಮೂರನೇ ಸ್ಥಾನಕ್ಕೆ ಹೋದದ್ದು ಕಾಂಗ್ರೆಸ್. ಅವರಿಗೆ ಬಿದ್ದ ಮತ ಆ ಅಂತರದ ಎಷ್ಟೋ ಪಟ್ಟು. ಅಂದರೆ ಇಡೀ ರಾಜ್ಯ ಗೆದ್ದ ಪಕ್ಷ ಹೊನ್ನಾವರದ ಸೇತುವೆ ದಾಟುವಷ್ಟರಲ್ಲಿ 'ಮತ ಒಡೆಯುವ ಪಕ್ಷ' ಆಗಿತ್ತು. ಟಿವಿ ನೋಡಿ 'ಮೂರನೆಯವರಿಗೆ ಬೇಡ' ಎಂದು ಜೆಡಿಎಸ್ ಬಿಟ್ಟು ಕಾಂಗ್ರೆಸ್‌ಗೆ ಹಾಕಿದ ಜಾಣರು ಅಲ್ಲಿ ಒಂದಷ್ಟು ಮಂದಿಯಾದರೂ ಇದ್ದೇ ಇರುತ್ತಾರೆ, ಅಲ್ವಾ? ಮತ ದಂಡವಾಗಬಾರದು ಎಂಬ ಭಯದಲ್ಲೇ ದಂಡ ಮಾಡಿಕೊಂಡವರು ಅವರು.

ಮೂರನೆಯವರು ಎಂಬುದು ಪಕ್ಷದ ಹಣೆಬರಹವಲ್ಲ. ಊರಿಂದ ಊರಿಗೆ, ಚುನಾವಣೆಯಿಂದ ಚುನಾವಣೆಗೆ ಬದಲಾಗುವ ಜಾಗ ಅದು.

ಪಕ್ಷೇತರರ ವಿಷಯಕ್ಕೆ ಬರುತ್ತೇನೆ. ಪಕ್ಷೇತರರು ಗೆಲ್ಲುವುದಿಲ್ಲ ಎಂದು ಹೇಳಲು ಇಡೀ ಕರ್ನಾಟಕದಲ್ಲಿ ಯಾರಿಗೆ ಹಕ್ಕಿದ್ದರೂ ನಮ್ಮ ಜಿಲ್ಲೆಯವರಿಗೆ ಇಲ್ಲ. 2013ರಲ್ಲಿ ನಮ್ಮ ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಎರಡು ಪಕ್ಷೇತರರ ಪಾಲಾದವು. ಕಾರವಾರದಲ್ಲಿ ಇದೇ ಸತೀಶ ಸೈಲ್, ಭಟ್ಕಳದಲ್ಲಿ ಮಂಕಾಳ ವೈದ್ಯ. ಇಬ್ಬರೂ ಕ್ಷೇತ್ರದಲ್ಲಿ ಸ್ವಂತ ಬಲ ಇದ್ದವರು, ಅದನ್ನು ಮರೆಯಬಾರದು. ಆದರೆ ಆಮೇಲೆ ಆದದ್ದನ್ನು ನೋಡಿ. ಮುಂದಿನ ಚುನಾವಣೆಗೆ, ಅಂದರೆ 2018ಕ್ಕೆ, ಇಬ್ಬರಿಗೂ ಟಿಕೆಟ್ ಕೊಟ್ಟಿದ್ದು ಕಾಂಗ್ರೆಸ್. ಆ ಸಲ ಇಬ್ಬರೂ ಸೋತರು. 2023ರಲ್ಲಿ ಇಬ್ಬರೂ ಗೆದ್ದರು, ವೈದ್ಯರು ಮೀನುಗಾರಿಕೆ ಸಚಿವರೂ ಆದರು. ದೊಡ್ಡ ಪಕ್ಷಗಳು ಯಾರ ಮಾತನ್ನು ಕೇಳುತ್ತವೆ ಎಂದರೆ ಇದೇ ಉತ್ತರ. ಅವು ಭಾಷಣ ಕೇಳುವುದಿಲ್ಲ, ಎಣಿಕೆ ಪಟ್ಟಿ ಓದುತ್ತವೆ.

ಅದಕ್ಕೂ ಹಿಂದೆ ಹೋದರೆ ದಿನಕರ ದೇಸಾಯಿಯವರಿದ್ದಾರೆ. ನಿಮ್ಮ ಅಂಕೋಲೆಯವರೇ. ಚುಟುಕ ಎಂದರೆ ಮೊದಲು ನೆನಪಾಗುವವರು. ಗೇಣಿದಾರರ ಪರ ಹೋರಾಡಿ ಗಡಿಪಾರು ಶಿಕ್ಷೆ ಉಂಡವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯ ಹಳ್ಳಿಹಳ್ಳಿಗೆ ಹೈಸ್ಕೂಲು ತಂದವರು. ನೀವು ಕಲಿಸುತ್ತಿರುವುದು ಅವುಗಳಲ್ಲೇ ಒಂದರಲ್ಲಿ ಇದ್ದರೂ ಇರಬಹುದು. ಈ ಲೋಕಸಭಾ ಕ್ಷೇತ್ರಕ್ಕೆ ಆಗ ಕೆನರಾ ಎಂದು ಹೆಸರು. 1952, 1957, 1962, ಮೂರು ಸಲವೂ ಗೆದ್ದದ್ದು ಕಾಂಗ್ರೆಸ್‌ನ ಜೋಕಿಂ ಆಳ್ವ. ಆ ಕಾಲದಲ್ಲಿ ಕಾಂಗ್ರೆಸ್ ಎದುರು ನಿಲ್ಲುವುದೆಂದರೆ ಕಡಲಿಗೆ ಒಡ್ಡು ಕಟ್ಟಿದ ಹಾಗೆ. 1967ರಲ್ಲಿ ದೇಸಾಯಿಯವರು ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು.

ನಮ್ಮ ಅಪ್ಪ ಆ ಸಲ ಅವರಿಗೆ ಮತ ಹಾಕಿದ್ದರಂತೆ. ಶಿರಸಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಕೊನೆ ಕೊಯ್ಲು ಮುಗಿದು ಸ್ವಲ್ಪ ಬಿಡುವಾದಾಗ ಅಪ್ಪ ಈ ಕಥೆ ತೆಗೆಯುತ್ತಿದ್ದರು. 'ಗೆಲ್ತಾರೆ ಅಂತ ಹಾಕಿದ್ದಲ್ಲ. ಹೈಸ್ಕೂಲಿನ ಋಣ ಇತ್ತು, ಹಾಕಿದೆ. ಗೆದ್ದಾಗ ನಮಗೇ ಗಾಬರಿ ಆಯ್ತು' ಎಂದು ನಗುತ್ತಿದ್ದರು. ಗೆಲ್ಲುವುದಿಲ್ಲ ಎಂದುಕೊಂಡೇ ಹಾಕಿದ ಎಷ್ಟೋ ಜನ ಒಂದೇ ದಿನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹಾಕಿದ್ದರು. ನಾನು ಆಗ ಅಂಬೆಗಾಲಿಡುವ ಕೂಸು. ನನಗಿದು ಬರೀ ಕೇಳಿದ ಕಥೆ. ಆದರೂ ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅಪ್ಪನ ಆ ನಗು.

ಗೆಲ್ಲದೆಯೂ ಕೆಲಸ ಮಾಡಿದ ಮತಗಳಿಗೆ ಜಿಲ್ಲೆಯ ಹೊರಗಿನ ಒಂದು ಉದಾಹರಣೆ ಸಾಕು. ಯಡಿಯೂರಪ್ಪನವರು 2012ರ ಕೊನೆಗೆ ಬಿಜೆಪಿ ಬಿಟ್ಟು ಕೆಜೆಪಿಗೆ, ಅಂದರೆ ಕರ್ನಾಟಕ ಜನತಾ ಪಕ್ಷಕ್ಕೆ, ಹೋದರು. 2013ರಲ್ಲಿ ಕೆಜೆಪಿಗೆ ಸಿಕ್ಕಿದ್ದು ಬರೀ 6 ಸ್ಥಾನ. ಸ್ಥಾನದ ಲೆಕ್ಕದಲ್ಲಿ ಅದಕ್ಕೆ ಬಿದ್ದ ಮತಗಳಲ್ಲಿ ಹೆಚ್ಚಿನವು ದಂಡ. ಆದರೆ 2008ರಲ್ಲಿ 110 ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಿತು. 2014ರ ಜನವರಿಯಲ್ಲಿ ಯಡಿಯೂರಪ್ಪ ಬಿಜೆಪಿಗೆ ವಾಪಸ್ ಬಂದರು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ರಾಜ್ಯದ 28ರಲ್ಲಿ 17 ಗೆದ್ದಿತು. ಇದು ಒಳ್ಳೆಯದಾಯಿತೇ ಕೆಟ್ಟದಾಯಿತೇ ಎಂಬ ಚರ್ಚೆ ನನಗಿಲ್ಲಿ ಬೇಡ. ಸೋತ ಮತಗಳು ಗೆದ್ದ ಮತಗಳಿಗಿಂತ ಜಾಸ್ತಿ ಕೆಲಸ ಮಾಡಿದವು ಎಂಬುದಷ್ಟೇ ನನ್ನ ಮಾತು.

ಇನ್ನು ನಿಮ್ಮ ಅಣ್ಣನ ಮಗ. ಹುಡುಗ ಹೇಳಿದ್ದು ಸುಮ್ನೆ ಅಲ್ಲ. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು. ಒಂದು ರಾಜ್ಯದಲ್ಲಿ ಯಾರಿಗೆ ಹೆಚ್ಚು ಮತ ಬೀಳುತ್ತದೋ ಅಧ್ಯಕ್ಷರನ್ನು ಕೊನೆಗೆ ಆರಿಸುವ ಆ ರಾಜ್ಯದ ಪ್ರತಿನಿಧಿ ಮತಗಳೆಲ್ಲ ಅವರಿಗೇ. ಮೇನ್, ನೆಬ್ರಾಸ್ಕ ಎಂಬ ಎರಡು ರಾಜ್ಯಗಳು ಮಾತ್ರ ಬೇರೆ ದಾರಿ ಹಿಡಿದಿವೆ. ಅದಕ್ಕೇ 1992ರಲ್ಲಿ ರಾಸ್ ಪೆರೋ ಎಂಬ ಉದ್ಯಮಿ ದೇಶದ ನೂರರಲ್ಲಿ ಹತ್ತೊಂಬತ್ತರ ಹತ್ತಿರ ಮತ ಪಡೆದರೂ ಅವರಿಗೆ ಒಂದೇ ಒಂದು ಪ್ರತಿನಿಧಿ ಮತವೂ ಸಿಗಲಿಲ್ಲ. 2000ದಲ್ಲಿ ಎಲ್ಲವೂ ಫ್ಲೋರಿಡಾ ರಾಜ್ಯಕ್ಕೆ ಬಂದು ನಿಂತಿತು. ಅಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಅವರು ಡೆಮಾಕ್ರಟಿಕ್ ಪಕ್ಷದ ಗೋರ್ ಅವರನ್ನು ಸೋಲಿಸಿದ್ದು 537 ಮತದಿಂದ. ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅವರಿಗೆ ಅದೇ ರಾಜ್ಯದಲ್ಲಿ ಬಿದ್ದದ್ದು 97 ಸಾವಿರಕ್ಕೂ ಮೇಲೆ. ನೇಡರ್ ಬೆಂಬಲಿಗರಲ್ಲಿ ಒಂದಷ್ಟು ಮಂದಿ ಗೋರ್ ಕಡೆ ಹೋಗಿದ್ದರೂ ಕಥೆ ಬದಲಾಗುತ್ತಿತ್ತು ಎಂಬ ಸಿಟ್ಟು ಅಲ್ಲಿ ಇನ್ನೂ ಆರಿಲ್ಲ.

ಆದರೆ ಹುಡುಗನಿಗೆ ಒಂದು ಪ್ರಶ್ನೆ ಕೇಳಿ. ನೀನಿರುವ ರಾಜ್ಯ ಯಾವುದಪ್ಪಾ? ಕ್ಯಾಲಿಫೋರ್ನಿಯಾ ಆದರೆ ಅಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಎಂದು ಮೊದಲೇ ಗೊತ್ತು. ಅಲ್ಲಿ ಮೂರನೆಯವರಿಗೆ ಹಾಕಿದರೆ ಕೆಡುವುದೇನೂ ಇಲ್ಲ. ಫ್ಲೋರಿಡಾ 2000ದಂಥ ಕಡೆ ಮಾತ್ರ ನೂರು ಸಲ ಯೋಚಿಸಬೇಕು. ನಮ್ಮ ಲೋಕಸಭಾ ಕ್ಷೇತ್ರ 2024ರಲ್ಲಿ ಯಾವುದರ ಹಾಗಿತ್ತು? 3.37 ಲಕ್ಷದ ಅಂತರ ನೋಡಿದರೆ ಫ್ಲೋರಿಡಾ ಅಂತೂ ಅಲ್ಲ. ಕುಮಟಾ 2023 ಮಾತ್ರ ಪಕ್ಕಾ ಫ್ಲೋರಿಡಾ.

ಮೈದುನನ ಮಾತಿನ ಹುರುಳು ಇರುವುದು ಇಲ್ಲೇ. ಪೈಪೋಟಿ ಹತ್ತಿರದ್ದಾಗಿದ್ದು, ಮುಂದಿರುವ ಇಬ್ಬರಲ್ಲಿ ಒಬ್ಬರು ಬಂದರೆ ಊರಿಗೆ ಕೇಡು ಎಂದು ನಿಮಗೆ ನಿಜವಾಗಿ ಅನಿಸಿದ್ದರೆ, ಮನಸ್ಸಿಗೆ ಪೂರ್ತಿ ಹಿಡಿಸದ ಇನ್ನೊಬ್ಬರಿಗೆ ಹಾಕುವುದು ಹೇಡಿತನವಲ್ಲ. ನಾನೇ ಹಾಗೆ ಹಾಕಿದ್ದೇನೆ, ಒಂದಲ್ಲ ಎರಡು ಸಲ. ಯಾರಿಗೆ ಎಂದು ಕೇಳಬೇಡಿ. ನನ್ನ ಮನೆಯಲ್ಲೂ ಮೈದುನಂದಿರಿಗೆ ಸಮನಾದವರಿದ್ದಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಮೈದುನನ ಕಡೆ. ಕರಪತ್ರ ಓದಿ ಹಾಕಿದೆ ಎಂದಿದ್ದೀರಿ. ಆಸ್ಪತ್ರೆ ಬೇಡಿಕೆ ನಮ್ಮಲ್ಲಿ ಯಾರ ಕರಪತ್ರದಲ್ಲಿ ಇಲ್ಲ ಹೇಳಿ? ತಲೆಗೆ ಪೆಟ್ಟು ಬಿದ್ದವರನ್ನು, ಎದೆನೋವು ಬಂದವರನ್ನು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯುವ ಜಿಲ್ಲೆ ನಮ್ಮದು. ಅದನ್ನು ಮೊದಲ ಸಾಲಿನಲ್ಲಿ ಬರೆಯಲು ಹೋರಾಟಗಾರನೇ ಆಗಬೇಕಿಲ್ಲ, ಛಾಪಖಾನೆಯವನಿಗೂ ಗೊತ್ತು. ಆ ಅಭ್ಯರ್ಥಿ ಚುನಾವಣೆಯ ಮೊದಲು ಎಲ್ಲಿದ್ದರು? ಧರಣಿಯಲ್ಲಿ ಕೂತಿದ್ದರೇ? ಜಿಲ್ಲಾ ಆಸ್ಪತ್ರೆಯಲ್ಲಿ ಎಷ್ಟು ತಜ್ಞರ ಹುದ್ದೆ ಖಾಲಿ ಇವೆ ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿಯಾದರೂ ಹಾಕಿದ್ದರೇ? ಸೋತ ಮೇಲೆ ಎಲ್ಲಿದ್ದಾರೆ? ಲೋಕಸಭೆಗೆ ನಿಲ್ಲಲು 25,000 ರೂಪಾಯಿ ಠೇವಣಿ, ಪಕ್ಷೇತರರಾದರೆ ಹತ್ತು ಮಂದಿ ಸೂಚಕರು ಬೇಕು. ಚಲಾವಣೆಯಾದ ಮತದ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಗುತ್ತದೆ. ಅಷ್ಟು ಕಳೆದುಕೊಳ್ಳಲು ಸಿದ್ಧರಿರುವವರಲ್ಲಿ ನಿಜವಾಗಿ ಹೊಟ್ಟೆ ಉರಿದು ನಿಂತವರೂ ಇರುತ್ತಾರೆ, ಇನ್ನೊಬ್ಬರ ಮತ ಒಡೆಯಲು ಬೇರೆಯವರ ದುಡ್ಡಿನಲ್ಲಿ ನಿಂತವರೂ ಇರುತ್ತಾರೆ. ಕರಪತ್ರ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೂತಾಯಿ ಮೀನು ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡುವ ನೀವು ಇಲ್ಲಿ ಬುಟ್ಟಿಯ ಬಣ್ಣ ನೋಡಿ ಕೊಂಡಿರಿ.

ನೋಟಾ ಒತ್ತಬಹುದಿತ್ತಲ್ಲ ಎಂದು ಇನ್ನು ಯಾರಾದರೂ ಹೇಳುತ್ತಾರೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಗುಂಡಿ ಅದು. ನನಗೆ ಅದರ ಮೇಲೆ ಅಂಥ ಪ್ರೀತಿ ಇಲ್ಲ. ನೋಟಾಕ್ಕೇ ಹೆಚ್ಚು ಬಿದ್ದರೂ ಅದರ ನಂತರದ ಅಭ್ಯರ್ಥಿ ಗೆದ್ದಂತೆ. ಮೇಲಾಗಿ ಅದು ಯಾಕೆ ಬೇಡ ಎಂದು ಹೇಳುವುದಿಲ್ಲ. ಒಬ್ಬ ಮನುಷ್ಯನಿಗೆ ಹಾಕಿದ ಮತ ಏನು ಬೇಕು ಎಂದಾದರೂ ಹೇಳುತ್ತದೆ.

ಅಕ್ಕೋರೇ, ನಿಮಗೆ ಗೊತ್ತೋ ಇಲ್ಲವೋ, ಈ ಇಡೀ ತಲೆನೋವಿಗೆ ಒಂದು ಮದ್ದು ನಿಮ್ಮ ಕೈಯಲ್ಲೇ ಇದೆ. ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ಧಾರವಾಡ, ಗದಗ, ಹಾವೇರಿ ಜೊತೆಗೆ ನಮ್ಮ ಜಿಲ್ಲೆಯೂ ಸೇರಿದೆ. 2022ರಲ್ಲಿ ನಡೆದ ಚುನಾವಣೆಯಲ್ಲಿ ಬಸವರಾಜ ಹೊರಟ್ಟಿ ಎಂಟನೇ ಸಲ ಗೆದ್ದರು. ಹೈಸ್ಕೂಲು ಶಿಕ್ಷಕಿ ಎಂದ ಮೇಲೆ ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇದ್ದಿರಬೇಕು. ಅಲ್ಲಿ ಗುಂಡಿ ಒತ್ತುವುದಿಲ್ಲ. ಅವರೇ ಕೊಟ್ಟ ನೇರಳೆ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಎಂದು ಬರೆಯುತ್ತೀರಿ. ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಚೀಟಿಗಳಲ್ಲಿ 2 ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಹೀಗಾದಾಗ 1 ಅನ್ನು ಮನಸ್ಸಿಗೆ ಬಂದವರಿಗೆ ಕೊಟ್ಟು, 2 ಅನ್ನು ಗೆಲ್ಲುವ ಇಬ್ಬರಲ್ಲಿ ವಾಸಿ ಎನಿಸಿದವರಿಗೆ ಕೊಡಬಹುದು. ಆಗ ಒಡೆಯುವ ಭಯ ಬಹುಪಾಲು ಹೋಯಿತು. ಅಮೆರಿಕದ ಮೇನ್ ರಾಜ್ಯ 2018ರಿಂದ ಸಂಸತ್ತಿನ ಚುನಾವಣೆಗೆ ಇಂಥದ್ದೇ ಪದ್ಧತಿ ತಂದಿದೆ. ಅಣ್ಣನ ಮಗನಿಗೆ ಹೇಳಿ, ಅವನ ಅತ್ತೆ ಅಂಕೋಲೆಯಲ್ಲಿ ಅಂಥ ಮತ ಮೊದಲಿನಿಂದಲೂ ಹಾಕುತ್ತಿದ್ದಾಳೆ ಎಂದು.

ತಮಾಷೆ ಎಂದರೆ, ಅಲ್ಲೂ ಎಷ್ಟೋ ಮೇಷ್ಟ್ರುಗಳು 1 ಮಾತ್ರ ಬರೆದು ಚೀಟಿ ಮಡಚುತ್ತಾರೆ. ಪ್ರಚಾರಕ್ಕೆ ಬಂದವರು ಹಾಗೇ ಹೇಳಿಕೊಟ್ಟಿರುತ್ತಾರೆ. ನೀವು ಎಷ್ಟು ಬರೆದಿರಿ?

ವಿಧಾನಸಭೆಗೂ ಲೋಕಸಭೆಗೂ ಈ ಪದ್ಧತಿ ಸದ್ಯಕ್ಕಂತೂ ಬರುವುದಿಲ್ಲ. ಈಗಿನ ಪದ್ಧತಿಯಲ್ಲೇ ಗೆಲ್ಲುತ್ತಿರುವವರು ಅದನ್ನು ಯಾಕೆ ಬದಲಿಸುತ್ತಾರೆ? ಅಲ್ಲಿಯವರೆಗೆ ಇರುವುದು ಒಂದೇ ಮತ, ಒಂದೇ ಗುಂಡಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ರಜೆಯಲ್ಲಿ ಮಾಡಿ. ಪ್ರತಿ ಚುನಾವಣೆಯ ನಂತರ ನಮೂನೆ 20 ಎಂಬ ಪಟ್ಟಿ ತಯಾರಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ಸಾಲು ಸಾಲಾಗಿ ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಸಿಗುತ್ತದೆ. ಪಕ್ಷದವರು ಮುಂದಿನ ಸಲ ಯಾವ ಕೇರಿಗೆ ಮೊದಲು ಕಾಲಿಡಬೇಕು ಎಂದು ಲೆಕ್ಕ ಹಾಕುವುದು ಅದನ್ನು ಮುಂದಿಟ್ಟುಕೊಂಡೇ. ನಿಮ್ಮ ಮತಗಟ್ಟೆಯ ಸಾಲು ಹುಡುಕಿ, ನಿಮ್ಮ ಪಕ್ಷೇತರರ ಹೆಸರಿನ ಕೆಳಗೆ ಎಷ್ಟಿದೆ ನೋಡಿ. ಬರೀ 1 ಇದ್ದರೆ ಆ ಪುಟ ಮೈದುನನಿಗೆ ತೋರಿಸಬೇಡಿ. ಇಪ್ಪತ್ತೋ ಮೂವತ್ತೋ ಇದ್ದರೆ ನನಗೊಂದು ಕಾರ್ಡು ಬರೆಯಿರಿ. ಆ ಉಳಿದವರು ಯಾರಿರಬಹುದು ಎಂದು ನಿಮಗೆ ಅನಿಸುತ್ತದೋ ಅದನ್ನು ಮಾತ್ರ ಬರೆಯಬೇಡಿ.